ಎಂಜಿನ್ ಅಣ್ಣನದು, ನೀರು ತಮ್ಮನದು

ಅಣ್ಣ ತನ್ನನ್ನು ಬೈದ ಜಾಗವನ್ನು ಹಬೆ ಇವತ್ತಿಗೂ ಕ್ಷಮಿಸಿಲ್ಲ. ಮನೆಯೊಳಗೆ ಬೈದಿದ್ದರೆ ನುಂಗಿಕೊಳ್ಳುತ್ತಿದ್ದ. ಶೆಡ್ಡಿನೊಳಗೆ ಬೈದಿದ್ದರೆ ತಿರುಗಿ ನಾಲ್ಕು ಮಾತು ಹೆಚ್ಚಿಗೇ ಬೈದು ಹಗುರಾಗುತ್ತಿದ್ದ. ಆ ಮನುಷ್ಯ ಬೈದದ್ದು ಏರುರಸ್ತೆಯ ಬುಡದಲ್ಲಿ, ಟೈರಂಗಡಿಯ ಮುಂದೆ, ಚಹಾ ಕುಡಿಯುತ್ತ ನಿಂತಿದ್ದ ಇಡೀ ಬೀದಿಯ ಎದುರಿಗೆ. ಅದೂ ಹೊಸದಾಗಿ ಮದುವೆಯಾಗಿ ಬಂದ ಅತ್ತಿಗೆ ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತಿರುವಾಗ.

“ಇದು ಬೆಸುಗೆಯೇನೋ? ಎಂಜಲು ಹಚ್ಚಿ ಅಂಟಿಸಿದ್ಯೇನೋ?”

ಬೀದಿಗೆ ಇನ್ನೇನು ಬೇಕು? ರೇಡಿಯೇಟರ್ ರಿಪೇರಿ ಮಾಡುವ ತಮ್ಮನಿಗೆ ಹಬೆ ಎಂಬ ಹೆಸರು ಬಿದ್ದದ್ದೇ ಅವತ್ತು. ಕಾರಿನ ಮೂತಿಯಿಂದ ಎದ್ದ ಬಿಳಿ ಹಬೆ ಜಾಸ್ತಿಯೋ, ಬೈಗುಳ ಕೇಳಿ ಇವನ ಮೂಗಿನಿಂದ ಹೊರಟ ಹಬೆ ಜಾಸ್ತಿಯೋ ಎಂದು ಟೈರಂಗಡಿಯವನು ಆಡಿಕೊಂಡ. ಉಳಿದವರು ನಕ್ಕರು. ಹೆಸರು ಉಳಿಯಿತು. ಈಗ ಇವನ ಹೆಂಡತಿ ಕೂಡ ಸಿಟ್ಟು ಬಂದಾಗ ಅದೇ ಹೆಸರಿನಲ್ಲಿ ಕರೆಯುತ್ತಾಳೆ.

ಕಾರು ಅಣ್ಣನದು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು ಮಲಗಿದ ಬೇಟೆನಾಯಿಯ ಹಾಗೆ ಉದ್ದನೆಯ ಮೂತಿ. ಗುಜರಿಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಜಾಗದಿಂದ ಅದನ್ನು ಎಳೆದುಕೊಂಡು ಬಂದು, ಮದುವೆಗೆ ಮುಂಚೆಯೇ ಎಂಜಿನ್ ಬಿಚ್ಚಿ, ತೊಳೆದು, ಜೋಡಿಸಿ, ಉಸಿರು ಕೊಟ್ಟಿದ್ದ. ಮದುವೆಯಾದ ವಾರದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಏರುರಸ್ತೆಯ ತುದಿಯ ಕೆರೆಗೆ ಹೊರಟ. ಮುಕ್ಕಾಲು ದಾರಿ ಹತ್ತುವಷ್ಟರಲ್ಲಿ ನೀರು ಕುದಿಯಿತು, ರೇಡಿಯೇಟರಿನ ಬೆಸುಗೆ ಬಾಯಿಬಿಟ್ಟಿತು, ಹಬೆ ಎದ್ದು ಮುಂದಿನ ರಸ್ತೆಯೇ ಮಾಯವಾಯಿತು. ಕಾರನ್ನು ಇಳಿಜಾರಿನಲ್ಲಿ ಹಾಗೇ ಜಾರಿಸಿಕೊಂಡು ಅಣ್ಣ ಕೆಳಗೆ ಬಂದ. ಅತ್ತಿಗೆ ಮಾತ್ರ ಮತ್ತೆ ಕಾರು ಹತ್ತಲಿಲ್ಲ, ನಡೆದೇ ಬಂದಳು. ಆ ರೇಡಿಯೇಟರಿಗೆ ಹಿಂದಿನ ದಿನವಷ್ಟೇ ಬೆಸುಗೆ ಹಾಕಿದವನು ಹಬೆ.

ಅವತ್ತಿನಿಂದ ಅಣ್ಣ ಆ ಕಾರಿನ ರೇಡಿಯೇಟರನ್ನು ತಮ್ಮನ ಕೈಗೆ ಕೊಡಲಿಲ್ಲ. ಒಂದೇ ತಗಡಿನ ಸೂರಿನ ಕೆಳಗೆ ಇಬ್ಬರ ಕೆಲಸ. ರೇಡಿಯೇಟರ್ ಕೈಯಳತೆಯಲ್ಲಿ ತಮ್ಮ ಕೂತಿದ್ದಾನೆ, ಈತ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿನ ಮೇಲೆ ಹೇರಿಕೊಂಡು ಪಕ್ಕದ ಬೀದಿಯ ಅಂಗಡಿಗೆ ಹೋಗುತ್ತಾನೆ! ನೋಡಿದವರ ಹೊಟ್ಟೆ ಉರಿಯಬೇಕು, ಹಾಗಿತ್ತು. ಹಬೆ ಮುಖ ಆ ಕಡೆ ತಿರುಗಿಸಿ ಬೆಸುಗೆಯ ಬೆಂಕಿಯನ್ನು ಜೋರು ಮಾಡುತ್ತಿದ್ದ.

ಉಳಿದ ಕೆಲಸ ಮಾತ್ರ ಕೂಡಿಯೇ ನಡೆಯುತ್ತಿತ್ತು. ಅಪ್ಪ ಶೆಡ್ಡನ್ನು ಕೈಗೊಪ್ಪಿಸುವಾಗ ಹಾಕಿಕೊಟ್ಟ ಕಟ್ಟಳೆ ಒಂದಿತ್ತು: ಎಂಜಿನ್ ಅಣ್ಣನದು, ನೀರು ತಮ್ಮನದು. ಶೆಡ್ಡಿನ ಒಂದು ಅರ್ಧ ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಇನ್ನೊಂದು ಅರ್ಧದಲ್ಲಿ ನೀರಿನ ತೊಟ್ಟಿ, ಸೀಸದ ಕಡ್ಡಿಗಳು, ಹಿತ್ತಾಳೆಯ ಚೂರುಗಳು, ಯಾವಾಗಲೂ ಒದ್ದೆ ನೆಲ. ಗಾಡಿ ಬಂದರೆ ಅಣ್ಣ ಎಂಜಿನ್ ನೋಡುವನು, ತಮ್ಮ ರೇಡಿಯೇಟರ್ ಬಿಚ್ಚುವನು. ಒಬ್ಬರ ಸಾಮಾನಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಹಾಕಿದರೆ ಅವತ್ತು ಊಟ ಸೇರುತ್ತಿರಲಿಲ್ಲ.

ಅತ್ತಿಗೆ ಆ ಕಾರಿಗೆ ಸವತಿ ಎಂದು ಹೆಸರಿಟ್ಟಿದ್ದಳು. ಗಂಡ ಭಾನುವಾರ ಅದರ ಕೆಳಗೆ ತೂರಿಕೊಂಡರೆ, “ಸವತಿಗೆ ಸ್ನಾನ ಆಯ್ತಾ? ನಮಗೂ ಒಂದು ಲೋಟ ನೀರು ಉಳಿಸಿ,” ಎನ್ನುವಳು. ಅಣ್ಣ ಎಷ್ಟು ಕರೆದರೂ ಅದರಲ್ಲಿ ಮತ್ತೆ ಕೂರಲಿಲ್ಲ. “ಕುದಿಯದೆ ಕೆರೆ ಮುಟ್ಟುತ್ತೆ ಅಂತ ಆದ ದಿನ ಹೇಳಿ, ತಲೆ ಬಾಚ್ಕೊಂಡು ಬರ್ತೀನಿ,” ಎಂದಳು. ತಮಾಷೆಗೆ ಹೇಳಿದ ಮಾತು. ಆದರೆ ಕಾರು ಪ್ರತಿ ಸಲವೂ ಏರಿನಲ್ಲಿ ಕುದಿಯಿತು. ಪಕ್ಕದ ಬೀದಿಯವನು ಬೆಸುಗೆ ಹಾಕಿದರೂ ಕುದಿಯಿತು, ದೊಡ್ಡ ಫ್ಯಾನು ಹಾಕಿದರೂ ಕುದಿಯಿತು. ಹೀಗೆ ಆ ತಮಾಷೆಗೇ ವಯಸ್ಸಾಗುತ್ತ ಬಂತು.

ಈ ವರ್ಷ ಅಣ್ಣನ ಕಣ್ಣಿಗೆ ಕುತ್ತು ಬಂತು. ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಕೊಳವೆಯಲ್ಲಿ ಇಣುಕಿ ನೋಡಿದ ಹಾಗೆ ಎಂದು ಅವನೇ ಹೇಳುತ್ತಿದ್ದ. ಬೆಂಚಿನ ಅಂಚಿನಲ್ಲಿಟ್ಟ ಚಹಾದ ಲೋಟ ಮೊಣಕೈ ತಾಗಿ ಬೀಳುವುದು ದಿನದ ಮಾತಾಯಿತು. ಕಣ್ಣಿನ ಡಾಕ್ಟರು, ಜೊತೆಗೆ ಹೋಗಿದ್ದ ಅತ್ತಿಗೆಯ ಎದುರಿಗೇ, ಈ ಚಳಿಗಾಲ ಮುಗಿಯುವವರೆಗೆ ಹಗಲಲ್ಲಿ, ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಓಡಿಸಬಹುದು, ಆಮೇಲೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

ಅಣ್ಣ ಮನೆಗೆ ಬಂದು ಆ ಮಾತು ಎತ್ತಲೇ ಇಲ್ಲ. ಕಾರಿನ ಮೇಲಿನ ಬಟ್ಟೆ ತೆಗೆದು ಒರೆಸುತ್ತ ಕೂತ.

ಮಾರನೆಯ ಮಧ್ಯಾಹ್ನ ಅತ್ತಿಗೆ ಶೆಡ್ಡಿನ ಒದ್ದೆ ಅರ್ಧಕ್ಕೆ ಬಂದಳು. ಹಬೆ ತೊಟ್ಟಿಯಲ್ಲಿ ಒಂದು ಲಾರಿಯ ರೇಡಿಯೇಟರನ್ನು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ.

“ಮೈದುನ, ನಿನ್ನ ಹತ್ರ ಒಂದು ಮಾತು.”

“ಹೇಳಿ ಅತ್ತಿಗೆ.”

“ನನ್ನ ಸವತಿಯನ್ನ ರಿಪೇರಿ ಮಾಡಿಕೊಡು.”

ಹಬೆ ರೇಡಿಯೇಟರನ್ನು ತೊಟ್ಟಿಯಲ್ಲಿ ಹಾಗೇ ಬಿಟ್ಟ. ಅದು ಬುಳುಬುಳು ಎಂದು ತಳ ಸೇರಿತು.

“ಪಕ್ಕದ ಬೀದಿಯಲ್ಲಿ ಮಹಾ ಬುದ್ಧಿವಂತರು ಇದ್ದಾರಲ್ಲ, ಅವರನ್ನೇ ಕೇಳಿ.”

“ಅವರನ್ನ ಕೇಳಿದ್ದಕ್ಕೇ ಇಷ್ಟು ವರ್ಷ ನಾನು ನಡೆದಿದ್ದು.”

“ನನ್ನ ಬೆಸುಗೆ ಎಂಜಲು ಬೆಸುಗೆ ಅತ್ತಿಗೆ. ನಿಮ್ಮ ಯಜಮಾನರೇ ಸರ್ಟಿಫಿಕೇಟ್ ಕೊಟ್ಟಿದ್ದಾರೆ.”

“ಕೊಟ್ಟಿದ್ದು ನಾನೂ ಕೇಳಿದ್ದೀನಿ. ಅವತ್ತು ನಾನು ಹೊಸಬಳು, ಬಾಯಿ ಬಿಡಲಿಲ್ಲ. ಈಗ ಬಿಡ್ತಾ ಇದ್ದೀನಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅವಳು ದನಿ ತಗ್ಗಿಸಿದಳು. “ನೋಡು, ಅವರು ಮೇಲಕ್ಕೆ ಹೋಗಬೇಕು. ಅವರೇ ಓಡಿಸಬೇಕು. ಪಕ್ಕದಲ್ಲಿ ನಾನಿರಬೇಕು. ಈ ಚಳಿ ದಾಟಿದರೆ ಮುಗೀತು. ಬಾಯಿಬಿಟ್ಟು ಕೇಳೋ ಜಾತಿ ಅಲ್ಲ ಅವರು, ನಿನಗೇ ಗೊತ್ತಲ್ಲ. ನಿಮ್ಮ ಮನೆಯಲ್ಲಿ ಗಂಡಸರಿಗೆ ನಾಲಿಗೆ ಇರೋದು ಬೈಯೋದಕ್ಕೆ ಮಾತ್ರ.”

ಹಬೆ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಇಲ್ಲ ಎನ್ನಬೇಕೆಂದು ಬಾಯಿ ತೆರೆದವನು, ಆ ಕಡೆ ಅಣ್ಣ ಕಾರಿನ ಪಕ್ಕದಲ್ಲಿ ಕೂತು, ನೆಲಕ್ಕೆ ಬಿದ್ದ ನಟ್ಟನ್ನು ಕೈಯಿಂದ ತಡವುತ್ತಿದ್ದದ್ದನ್ನು ನೋಡಿದ. ನಟ್ಟು ಮೊಣಕಾಲಿನ ಪಕ್ಕದಲ್ಲೇ ಇತ್ತು.

“ಎಂಜಿನ್ನಿಗೂ ಕೈ ಹಾಕ್ತೀನಿ. ತಕರಾರು ಮಾಡಬಾರದು ಅಂತ ಹೇಳಿ,” ಎಂದ.

“ಅದನ್ನ ನೀನೇ ಹೇಳು. ನಾನು ಅಷ್ಟು ದೊಡ್ಡವಳಲ್ಲ.”

ತಕರಾರು ಆಗದೆ ಇರುತ್ತದೆಯೇ? ಹಬೆ ಮೊದಲು ರೇಡಿಯೇಟರ್ ಇಳಿಸಿದ. ಒಳಗೆ ಕೆಸರು ಕಟ್ಟಿರಬೇಕೆಂದು ಅದರ ಮೇಲಿನ ತೊಟ್ಟಿ ಬಿಚ್ಚಿ, ತೆಳು ಸಲಾಕೆಯನ್ನು ಒಂದೊಂದೇ ನಾಳಕ್ಕೆ ತೂರಿಸಿ ಎಳೆದ. ಕನ್ನಡಿಯಷ್ಟು ಚೊಕ್ಕಟ. ಪಕ್ಕದ ಬೀದಿಯವನ ಬೆಸುಗೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ದಪ್ಪ ದಪ್ಪಗಿತ್ತು. ಅದರ ಪಕ್ಕದಲ್ಲಿ ತನ್ನ ಹಳೆಯ ಬೆಸುಗೆ ಇನ್ನೂ ಗೆರೆ ಎಳೆದಂತೆ ಕೂತಿತ್ತು, ಬಾಯಿಬಿಟ್ಟ ಒಂದು ಗೇಣನ್ನು ಬಿಟ್ಟು.

“ನೋಡು, ಇದು ನಂದು. ಇದು ನಿನ್ನ ಪಂಡಿತಂದು,” ಎಂದು ಅಣ್ಣನ ಮೂಗಿನ ಹತ್ತಿರ ಹಿಡಿದ.

“ನೋಡೋಕೆ ಚೆನ್ನಾಗಿದ್ದರೆ ಆಯ್ತಾ? ಇದೇನು ಓಲೆನಾ, ಕಿವಿಗೆ ಹಾಕೊಳ್ಳೋಕೆ?”

“ನಿನಗೆ ಕಣ್ಣು ಕಾಣಲ್ಲ, ಬಿಡು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಣ್ಣ ಮಾತ್ರ ನಕ್ಕುಬಿಟ್ಟ. “ಎದುರಿಗೆ ಹಿಡಿದಿದ್ದೀಯಲ್ಲೋ, ಕಾಣುತ್ತೆ. ಪಕ್ಕಕ್ಕೆ ಹಿಡಿದಿದ್ದರೆ ಹೊಗಳಿಬಿಡ್ತಿದ್ದೆ.”

ರೇಡಿಯೇಟರಿನಲ್ಲಿ ತಪ್ಪಿಲ್ಲ ಎಂದಾದ ಮೇಲೆ ಹಬೆ ಗಾಳಿಯ ಕಡೆ ತಿರುಗಿದ. ಕಾರಿನ ಮೂತಿಗೂ ರೇಡಿಯೇಟರಿಗೂ ನಡುವೆ ಎರಡೂ ಕಡೆ ಇರಬೇಕಾದ ತಗಡುಗಳು ಗುಜರಿಯಲ್ಲೇ ಕಳೆದುಹೋಗಿದ್ದವು. ಗಾಳಿ ಸೋಮಾರಿ. ಸಂದು ಕಂಡರೆ ಅಲ್ಲಿಂದಲೇ ನುಸುಳಿಕೊಳ್ಳುತ್ತದೆ, ರೇಡಿಯೇಟರಿನ ಹಲ್ಲುಗಳ ನಡುವೆ ಕಷ್ಟಪಟ್ಟು ತೂರುವುದಿಲ್ಲ. ಹಬೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಎರಡೂ ಕಡೆ ಗೋಡೆ ಕಟ್ಟಿದ. ಕೆಳಗಿನ ರಬ್ಬರ್ ಹೋಸನ್ನು ಹಿಂಡಿ ನೋಡಿದ, ಬೇಯಿಸಿದ ಬದನೆಕಾಯಿಯ ಹಾಗೆ ಮೆತ್ತಗಿತ್ತು. ಎಂಜಿನ್ ಜೋರಾಗಿ ಎಳೆದರೆ ಅದು ಚಪ್ಪಟೆಯಾಗಿ ನೀರಿನ ದಾರಿಯನ್ನೇ ಮುಚ್ಚುತ್ತದೆ. ಅದನ್ನೂ ತೆಗೆದು ಹೊಸದು ಹಾಕಿದ. ಇಷ್ಟಾದರೂ ಮನಸ್ಸು ಒಪ್ಪಲಿಲ್ಲ. ಒಮ್ಮೆ ಬುಡದಿಂದ ಮೊದಲ ತಿರುವಿನವರೆಗೆ ಓಡಿಸಿ ನೋಡಿದರೆ ಬಿಸಿ ತೋರಿಸುವ ಮೀಟರಿನ ಮುಳ್ಳು ಮತ್ತೆ ಕೆಂಪಿನ ಕಡೆಗೇ ಎದ್ದಿತ್ತು.

ಹಾಗಾಗಿ ಅವನು ಗಡಿ ದಾಟಿದ. ಎಂಜಿನ್ನಿನ ತಲೆಯ ಮುಂಭಾಗದಲ್ಲಿ, ನೀರು ರೇಡಿಯೇಟರಿನ ಕಡೆ ಹೊರಡುವ ಜಾಗದಲ್ಲಿ ಒಂದು ಪುಟ್ಟ ಮುಚ್ಚಳವಿದೆ. ಎರಡು ಬೋಲ್ಟು ಅಷ್ಟೇ. ಅಣ್ಣ ಏನೋ ಗೊಣಗಿದ. ಹಬೆ ಕೇಳಿಸಿಕೊಳ್ಳದವನಂತೆ ಬಿಚ್ಚಿದ.

ಒಳಗೆ ಖಾಲಿ.

“ಅಣ್ಣ, ಥರ್ಮೋಸ್ಟಾಟ್ ಎಲ್ಲಿ?”

“ಕಾರು ತಂದಾಗಲೇ ತೆಗೆದೆ. ಬಿಸಿಲೂರಲ್ಲಿ ಅದ್ಯಾಕೆ? ನೀರು ಸಲೀಸಾಗಿ ಓಡಾಡಲಿ ಅಂತ.”

ಅಣ್ಣನೊಬ್ಬನದೇ ಬುದ್ಧಿಯಲ್ಲ ಇದು. ಆ ಬೀದಿಯಲ್ಲಿ ಯಾವ ಗಾಡಿ ಕುದಿದರೂ ಮೊದಲು ಮಾಡುವ ಕೆಲಸ ಅದನ್ನು ಕಿತ್ತುಹಾಕುವುದು. ಕಿತ್ತ ಥರ್ಮೋಸ್ಟಾಟುಗಳನ್ನು ತಂತಿಗೆ ಪೋಣಿಸಿ ಬಾಗಿಲಿಗೆ ಹಾರದಂತೆ ನೇತುಹಾಕಿದ ಶೆಡ್ಡುಗಳೂ ಇವೆ. ಎಂಜಿನ್ ತಣ್ಣಗಿರುವಾಗ ನೀರನ್ನು ತಡೆದು, ಹದಕ್ಕೆ ಬಿಸಿಯಾದ ಮೇಲೆ ರೇಡಿಯೇಟರಿನ ಕಡೆ ದಾರಿ ಬಿಡುವ ಬಿಲ್ಲೆ ಅದು. ಚಳಿ ದೇಶದವರ ಚಟ ಎಂದು ಎಲ್ಲರೂ ನಂಬಿದ್ದರು. ಹಬೆ ಕೂಡ ನಂಬಿದ್ದ. ಅದು ಕೂತಿರುವುದು ಎಂಜಿನ್ನಿನ ತಲೆಯಲ್ಲಿ, ಆದ್ದರಿಂದ ಅಣ್ಣನದು. ಕಾಯುವುದು ನೀರನ್ನು, ಆದ್ದರಿಂದ ತಮ್ಮನದು. ಇಬ್ಬರೂ ಅದನ್ನು ಇನ್ನೊಬ್ಬನ ಸಾಮಾನೆಂದು ಬಿಟ್ಟು, ಸರಿಯಾಗಿ ನೋಡಿದವರೇ ಇರಲಿಲ್ಲ.

ಹಬೆ ಬಗ್ಗಿ ಬೆರಳು ಹಾಕಿದ. ಪಕ್ಕದ ಗೋಡೆಯಲ್ಲಿ ಒಂದು ತೂತು ಸಿಕ್ಕಿತು, ಹೆಬ್ಬೆರಳು ಹೋಗುವಷ್ಟು. ಅಲ್ಲಿಂದ ಒಂದು ಗಿಡ್ಡ ಕೊಳವೆ ಸೀದಾ ಪಂಪಿಗೆ. ಬಿಲ್ಲೆ ಇದ್ದಿದ್ದರೆ, ಅದು ರೇಡಿಯೇಟರಿನ ದಾರಿ ತೆರೆಯುವಾಗಲೇ ತನ್ನ ಅಂಚಿನಿಂದ ಈ ತೂತನ್ನು ಮುಚ್ಚುತ್ತಿತ್ತು. ಬಿಲ್ಲೆ ಇಲ್ಲ, ತೂತು ಸದಾ ತೆರೆದೇ ಇದೆ. ನೀರೂ ಗಾಳಿಯಷ್ಟೇ ಸೋಮಾರಿಯಲ್ಲವೇ? ಕುದಿಯುವ ನೀರಿನ ದೊಡ್ಡ ಪಾಲು ರೇಡಿಯೇಟರಿನ ಮುಖವನ್ನೂ ನೋಡದೆ, ಗಿಡ್ಡ ದಾರಿಯಲ್ಲಿ ತಿರುಗಿ ಎಂಜಿನ್ನಿಗೇ ಹೋಗುತ್ತಿತ್ತು. ಸಪಾಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಏರಿನಲ್ಲಿ ಕುದಿಯಲೇಬೇಕು.

ಹಾಗಾದರೆ ಅವತ್ತು ಬೆಸುಗೆ ಬಿಟ್ಟಿದ್ದಕ್ಕೆ ನೀರು ಕುದಿದದ್ದಲ್ಲ. ನೀರು ಕುದಿದು ಉಬ್ಬಿದ್ದಕ್ಕೆ ಬೆಸುಗೆ ಬಿಟ್ಟಿತು.

ಇಷ್ಟು ವರ್ಷ ಹಲ್ಲು ಕಚ್ಚಿ ಕಾದ ಮಾತು ಹಬೆಯ ಗಂಟಲಿಗೆ ಬಂದು ನಿಂತಿತು. ಟೈರಂಗಡಿಯವನು ಇನ್ನೂ ಅಲ್ಲೇ ಇದ್ದಾನೆ. ಚಹಾ ಕುಡಿಯುವವರು ಬೇರೆ ಇರಬಹುದು, ಬೀದಿ ಅದೇ. ಅಣ್ಣನನ್ನು ಕೈಹಿಡಿದು ಅಲ್ಲಿಗೇ ಎಳೆದುಕೊಂಡು ಹೋಗಿ, ಎಲ್ಲರ ಮುಂದೆ ಈ ತೂತು ತೋರಿಸಬೇಕು. ಯಾರ ಎಂಜಲು, ಹೇಳು! ಎನ್ನಬೇಕು.

“ಏನೋ ಅದು? ಸುಮ್ಮನೆ ನಿಂತುಬಿಟ್ಟೆ?” ಎಂದು ಅಣ್ಣ ಹತ್ತಿರ ಬಂದ.

ಹಬೆ ಅವನ ಕೈ ಹಿಡಿದು, ತೋರುಬೆರಳನ್ನು ಆ ತೂತಿನೊಳಗೆ ಇಟ್ಟ. ಅಣ್ಣ ತಲೆ ಓರೆ ಮಾಡಿ, ಕಣ್ಣಿಗೆ ಸಿಗದ್ದನ್ನು ಬೆರಳಿನಿಂದಲೇ ಓದಿದ. ಬೆರಳು ಒಳಗೆ ಹೋಯಿತು, ಕೊಳವೆಯ ತಿರುವಿಗೆ ತಾಗಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಜೀವನವೆಲ್ಲ ಎಂಜಿನ್ ಬಿಚ್ಚಿದ ಕೈ ಅದು. ಅದಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಮುಖದಿಂದ ಬಣ್ಣ ಇಳಿಯಿತು. ಬೆರಳು ಮಾತ್ರ ಅಲ್ಲೇ ಉಳಿಯಿತು, ತೆಗೆದರೆ ನೀರೆಲ್ಲ ಸೋರಿಹೋಗುತ್ತದೆ ಎಂಬಂತೆ.

ಆ ಮುಖ ನೋಡಿ ಹಬೆಯ ಗಂಟಲಲ್ಲಿದ್ದ ಮಾತು ತಾನಾಗಿಯೇ ಕೆಳಗಿಳಿಯಿತು. ಸಿಟ್ಟು ಹೋಯಿತೇ? ಎಲ್ಲಿ ಹೋಗುತ್ತದೆ! ಆದರೆ ಟೈರಂಗಡಿಗೆ ಎಳೆದುಕೊಂಡು ಹೋಗುವ ಆಸೆ ಹೋಯಿತು.

“ಹೊಸದು ಸಿಗುತ್ತಾ?” ಎಂದು ಅಣ್ಣ ಕೊನೆಗೆ ಕೇಳಿದ. ದನಿ ಸಣ್ಣಗಿತ್ತು.

“ಈ ಕಾರಿನದು ಸಿಗಲ್ಲ. ಬೇರೆ ಗಾಡಿಯದು ಕೂರುತ್ತೆ, ಆದರೆ ತೂತು ಮುಚ್ಚಲ್ಲ. ತೂತಿಗೆ ನಾನೇ ಹಿತ್ತಾಳೆ ಬಿರಡೆ ಮಾಡ್ತೀನಿ. ನಡುವೆ ಸೂಜಿ ಗಾತ್ರದ ಸಂದು ಬಿಡ್ತೀನಿ, ತಣ್ಣಗಿರೋವಾಗ ಚೂರು ನೀರು ಆಡ್ಲಿ.”

“ಎಂಜಿನ್ನಿಗೆ ಬಿರಡೆ ನೀನು ಹೊಡೀತೀಯಾ?”

“ನಾನೇ ಹೊಡೀತೀನಿ.”

“ಹೊಡಿ,” ಎಂದ ಅಣ್ಣ. ಅಪ್ಪನ ಕಟ್ಟಳೆ ಅಲ್ಲಿಗೆ ಮುರಿಯಿತು.

ಹೊಸ ಬಿಲ್ಲೆಯನ್ನು ಹಾಕುವ ಮುಂಚೆ ಅತ್ತಿಗೆಯ ಒಲೆಯ ಮೇಲೆ ಪರೀಕ್ಷೆ ಮಾಡಿದರು. ಪಾತ್ರೆಯಲ್ಲಿ ನೀರು, ದಾರಕ್ಕೆ ಕಟ್ಟಿ ಇಳಿಬಿಟ್ಟ ಥರ್ಮೋಸ್ಟಾಟ್, ಪಾತ್ರೆಯ ಮೇಲೆ ಮೂರು ತಲೆ.

“ನನ್ನ ಹಾಲಿನ ಪಾತ್ರೆಯೇ ಬೇಕಿತ್ತಾ ನಿಮಗೆ?”

“ಹೊಸ ಸಾಮಾನು ಅತ್ತಿಗೆ, ಎಣ್ಣೆ ಮುಟ್ಟಿಲ್ಲ.”

“ನಿನ್ನ ಕೈ ಮುಟ್ಟಿದೆಯಲ್ಲ, ಸಾಕು.”

ನೀರಿನ ತಳದಲ್ಲಿ ಸಾಸಿವೆಯಂಥ ಗುಳ್ಳೆಗಳು ಏಳತೊಡಗಿದವು. ಬಿಲ್ಲೆ ಕದಲಲಿಲ್ಲ. ನೀರಿಗೆ ಇನ್ನೂ ಕುದಿ ಬಂದಿರಲಿಲ್ಲ, ಅಷ್ಟರಲ್ಲಿ ಬಿಲ್ಲೆ ಮೆಲ್ಲಗೆ ತೆರೆದುಕೊಂಡಿತು.

“ಬಾಯಿ ಬಿಡ್ತು, ಬಾಯಿ ಬಿಡ್ತು!” ಎಂದು ಅತ್ತಿಗೆ ಚಪ್ಪಾಳೆ ತಟ್ಟಿದಳು. ಹಸುಗೂಸಿಗೆ ಮೊದಲ ಹಲ್ಲು ಬಂದದ್ದನ್ನು ಕಂಡವಳ ಹಾಗೆ.

ಹೊರಟದ್ದು ಮುಂಜಾನೆ, ಬಸ್ಸುಗಳು ಏಳುವ ಮುಂಚೆ. ಅತ್ತಿಗೆ ನಿಜವಾಗಿಯೂ ತಲೆ ಬಾಚಿಕೊಂಡು, ಸ್ಕಾರ್ಫ್ ಕಟ್ಟಿಕೊಂಡು ಬಂದಳು. ಅಣ್ಣ ಬಾಗಿಲು ತೆರೆದು ಹಿಡಿದ. ಹಬೆ ಸ್ಕೂಟರಿನ ಮುಂದೆ ನೀರಿನ ಕ್ಯಾನು ಇಟ್ಟುಕೊಂಡು ಹಿಂದೆ ನಿಂತ.

“ಕ್ಯಾನು ಯಾಕೋ? ನಂಬಿಕೆ ಇಲ್ವಾ?”

“ನಿನ್ನ ಮೇಲಿಲ್ಲ. ನೀರಿನ ಮೇಲಿದೆ.”

ಬಿಸಿಯ ಮೀಟರು ಡ್ಯಾಶ್‌ಬೋರ್ಡಿನ ಅಂಚಿನಲ್ಲಿತ್ತು, ಅಣ್ಣನ ಕಣ್ಣು ತಲುಪದ ಕಡೆ. ಹಾಗಾಗಿ ಮುಳ್ಳನ್ನು ಓದುವ ಕೆಲಸ ಅತ್ತಿಗೆಯದು. ಛಾವಣಿಯಿಲ್ಲದ ಕಾರು, ಅವಳ ದನಿ ಸ್ಕೂಟರಿನವರೆಗೂ ಕೇಳುತ್ತಿತ್ತು.

“ನಡುವೆ ಇದೆ. ನಡುವೆಯೇ ಇದೆ. ರೀ, ನನ್ನನ್ನಲ್ಲ, ರಸ್ತೆ ನೋಡಿ!”

ಅವರು ಹಿಂದೆ ಸೋತ ಜಾಗ ಬಂತು. ಅಲ್ಲಿ ರಸ್ತೆ ಗೋಡೆಯ ಹಾಗೆ ಏರುತ್ತದೆ. ಕಾರಿನ ಸದ್ದು ಭಾರವಾಯಿತು.

“ನಡುವೆ ಬಿಟ್ಟು ಮೇಲೆ ಹೋಗ್ತಿದೆ! ಇನ್ನೂ ಹೋಗ್ತಿದೆ!”

ಅಣ್ಣ ಕಾಲು ಹಿಂದೆಗೆದ. ಕಾರು ಮುಕ್ಕರಿಸಿತು. ಹಬೆ ಸ್ಕೂಟರನ್ನು ಪಕ್ಕಕ್ಕೆ ತಂದು ಅರಚಿದ: “ಗೇರ್ ಇಳಿಸು, ನಿಲ್ಲಿಸಬೇಡ! ಅತ್ತಿಗೆ, ಹೀಟರ್ ತಿರುಗಿಸಿ! ಮಂಡಿ ಹತ್ರ ಕರಿ ಗುಂಡಿ, ಪೂರ್ತಿ ತಿರುಗಿಸಿ!”

ಎಂಜಿನ್ನಿನ ಬಿಸಿಯನ್ನು ಕೂರುವವರ ಕಾಲಿಗೆ ಊದುವ ಪುಟ್ಟ ಪೆಟ್ಟಿಗೆ ಅದು, ಇನ್ನೊಂದು ಸಣ್ಣ ರೇಡಿಯೇಟರ್ ಇದ್ದ ಹಾಗೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಅದರ ನಲ್ಲಿಯನ್ನು ಹಬೆ ಆ ವಾರವಷ್ಟೇ ಬಿಡಿಸಿದ್ದ. ಅತ್ತಿಗೆ ತಿರುಗಿಸಿದಳು.

“ಅಯ್ಯೋ! ಕಾಲು ಬೇಯ್ತಾ ಇದೆ ಕಣೋ!”

“ಬೇಯಲಿ ಅತ್ತಿಗೆ, ಮುಳ್ಳು ಹೇಳಿ!”

“ನಿಂತಿದೆ... ನಿಂತಿದೆ... ಇಳೀತು! ರೀ, ಇಳೀತಿದೆ!” ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು ಅವಳು ನಗುತ್ತಿದ್ದಳು. ಅಣ್ಣನೂ ನಗುತ್ತಿದ್ದ. ತಮ್ಮ ಹೇಳಿದ ಹಾಗೆ ಅವನು ಗೇರ್ ಇಳಿಸಿದ್ದು, ನೆನಪಿರುವ ಮಟ್ಟಿಗೆ, ಅದೇ ಮೊದಲು. ಕೊನೆಯ ತಿರುವನ್ನು ಕಾರು ನಿಧಾನವಾಗಿ, ಗುರುಗುಟ್ಟುತ್ತ ಹತ್ತಿತು. ಮರಗಳು ಸರಿದು ಕೆರೆ ಕಾಣಿಸಿತು. ನೀರಿನ ಮೇಲೆ ಇನ್ನೂ ಮಂಜಿತ್ತು.

“ಆಫ್ ಮಾಡಬೇಡ, ಸ್ವಲ್ಪ ಹೊತ್ತು ಹಾಗೇ ಓಡಲಿ, ತಣ್ಣಗಾಗಲಿ,” ಎಂದು ಹಬೆ ಸ್ಕೂಟರ್ ನಿಲ್ಲಿಸಿದ. ಮೂವರೂ ಮೂತಿಯ ಮುಂದೆ ನಿಂತು ಫ್ಯಾನಿನ ಸದ್ದು ಕೇಳಿದರು. ಎಲ್ಲಿಯೂ ಒಂದು ಹನಿ ಇಲ್ಲ. ಅತ್ತಿಗೆ ಕೆರೆಯ ಅಂಚಿಗೆ ಹೋಗಿ ಬೆಂದ ಕಾಲನ್ನು ನೀರಿಗೆ ಇಳಿಬಿಟ್ಟು ಕೂತಳು. ಅಣ್ಣ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆನ್ನು ಮಾಡಿ ನಿಂತ. ಬಹಳ ಹೊತ್ತು ಏನನ್ನೋ ನೋಡುವವನಂತೆ ಬಗ್ಗಿದ್ದ. ಅವನು ನೋಡುತ್ತಿರಲಿಲ್ಲ ಎಂಬುದು ಹಬೆಗೆ ಗೊತ್ತಾಯಿತು.

“ಅವತ್ತು...” ಎಂದ ಅಣ್ಣ.

ಹಬೆಯ ಕಿವಿ ನೆಟ್ಟಗಾಯಿತು.

“ಅವತ್ತು ನಾನು ಟೈರಂಗಡಿ ಹತ್ರ...” ಮಾತಿಗೆ ತಡಕಾಡುತ್ತ ಅಣ್ಣನ ಕೈ ಎಲ್ಲಾದರೂ ಊರಲು ಜಾಗ ಹುಡುಕಿತು. ಕಣ್ಣಿಗೆ ಕಾಣದ ಬದಿಯಲ್ಲಿದ್ದ ರೇಡಿಯೇಟರಿನ ಮುಚ್ಚಳ ಅದಕ್ಕೆ ಸಿಕ್ಕಿತು. ಬೆರಳುಗಳು ಅದರ ಸುತ್ತ ಮುಚ್ಚಿಕೊಂಡು, ಅಭ್ಯಾಸಬಲದಿಂದ ತಿರುಗಿಸಲು ಹೊರಟವು.

“ಮುಟ್ಟಬೇಡ! ಬುದ್ಧಿ ಇದ್ಯಾ ನಿನಗೆ? ಮುಖ ಬೆಂದು ಹೋಗುತ್ತೆ!” ಹಬೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರುವಂತೆ ಕಿರುಚಿ, ಅಣ್ಣನ ಮಣಿಕಟ್ಟು ಹಿಡಿದು ಎಳೆದ.

“ಆಯ್ತು, ಬಿಟ್ಟೆ. ಕಿವಿ ಕಿತ್ತುಹೋಗೋ ಹಾಗೆ ಅರಚಬೇಡ.”

“ಅರಚದೆ ಇನ್ನೇನು! ಎಂಜಿನ್ನಿನವನಿಗೆ ನೀರಿನ ಸಂಗತಿ ಯಾವತ್ತು ಗೊತ್ತಾಗಿದೆ!”

ಕೆರೆಯಂಚಿನಿಂದ ಅತ್ತಿಗೆ ಕೂಗಿದಳು: “ನಿಮ್ಮಿಬ್ಬರನ್ನ ಕುದಿಯದ ಹಾಗೆ ಇಡೋ ಬಿಲ್ಲೆ ಯಾವ ಅಂಗಡಿಯಲ್ಲಿ ಸಿಗುತ್ತಪ್ಪಾ?”

ಅಣ್ಣ ನಕ್ಕ. ಹಬೆಗೆ ನಗು ಬರಲಿಲ್ಲ. ಅವನ ಮುಷ್ಟಿಯಲ್ಲಿ ಅಣ್ಣನ ಮಣಿಕಟ್ಟು ಇನ್ನೂ ಇತ್ತು. ಅದು ಎಷ್ಟು ತೆಳ್ಳಗಾಗಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಬಿಡಲು ಮನಸ್ಸಾಗದೆ ಹಾಗೇ ಹಿಡಿದುಕೊಂಡು, ಅಂಗೈ ಕೆಂಪಾಗಿದೆಯೇ ಎಂದು ತಿರುವಿ ನೋಡಿದ. ಅಣ್ಣನೂ ಕೈ ಕೊಸರಿಕೊಳ್ಳಲಿಲ್ಲ. ಶುರುವಾದ ಮಾತು ಮಾತ್ರ ಮುಂದುವರಿಯಲಿಲ್ಲ.

ಚಳಿಗಾಲ ಕಳೆಯಿತು. ಡಾಕ್ಟರು ಹೇಳಿದಂತೆಯೇ ಆಯಿತು. ಈಗ ಭಾನುವಾರ ಕಾರು ಓಡಿಸುವವನು ಹಬೆ, ಪಕ್ಕದ ಸೀಟಿನಲ್ಲಿ ಅಣ್ಣ. ಮುಳ್ಳು ನೋಡಬೇಕಾಗಿಲ್ಲ, ವಾಸನೆಯಿಂದಲೇ “ನೀರು ಬಿಸಿ ಏರ್ತಿದೆ, ಕಾಲು ತೆಗಿ,” ಎನ್ನುತ್ತಾನೆ. ಹಬೆ ತೆಗೆಯುತ್ತಾನೆ, ಬೈದುಕೊಂಡೇ.

ಕೆಲವು ಸಲ ಏರಿನ ನಡುವೆ ಅಣ್ಣ ಗಂಟಲು ಸರಿಮಾಡಿಕೊಳ್ಳುತ್ತಾನೆ. ಹಬೆ ಕೂಡಲೇ ವೇಗ ತಗ್ಗಿಸುತ್ತಾನೆ, ಎಂಜಿನ್ನಿನ ಸದ್ದು ಕಡಿಮೆಯಾಗಲಿ ಎಂದು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತವೆ. ಅಣ್ಣ ಬಾಯಿ ತೆರೆದು, ಗಾಳಿ ತುಸು ಚಳಿಯಾಗಿದೆ ಎಂದೋ, ಅತ್ತಿಗೆಗೆ ಮಂಡಿನೋವು ಎಂದೋ ಹೇಳುತ್ತಾನೆ. ಟೈರಂಗಡಿಯ ಮುಂದೆ ಆಡಿದ್ದಕ್ಕೆ ಅವನು ತೀರಿಸಬೇಕಾದ ಆ ಒಂದು ಮಾತು ಹಾಗೇ ಬಾಕಿ ಉಳಿದಿದೆ. ಹಬೆ ಕೇಳುವುದಿಲ್ಲ. ಹೂಂ ಎಂದು, ಮತ್ತೆ ಗೇರ್ ಬದಲಾಯಿಸುತ್ತಾನೆ.